ತಗಡಿನ ಗೋಡಿಗೊಂದು ಕೊಕ್ಕಿ

ಮನಿ ಗೋಡಿಗೆ ಒಂದು ಮೊಳಿ ಹೊಡದು ಕ್ಯಾಲೆಂಡರ್ ತೂಗು ಹಾಕಿದೋರೆಲ್ಲ ತಾವೇ ದೊಡ್ಡ ಮೇಸ್ತ್ರಿ ಅಂತ ತಿಳ್ಕೊಂಡಿರ್ತಾರ. ಅಂಥೋರು ಒಂದು ಸಲ ನಮ್ಮ ವ್ಯಾನಿಗೆ ಬಂದು ಹೊಡದು ನೋಡಬೇಕಿತ್ತು. ಅಲ್ಲಿ ದಿನಾ ಒಂದಿಲ್ಲೊಂದು ಬೀಳೋದು, ದಿನಾ ಒಂದಿಲ್ಲೊಂದು ನಗಿಪಾಟಲು.

ಎಪ್ಪತ್ತರ ದಶಕದ ಕೊನೀ ಕಾಲ. ನಾನು ಸಂಚಾರಿ ದವಾಖಾನಿಯ ಕಂಪೌಂಡರು. ವ್ಯಾನು ನಿಲ್ಲೋದು ಹರಪನಹಳ್ಳಿಯಾಗ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲಿ ಸಂತಿ ಐತೋ ಅಲ್ಲಿಗೆ ನಮ್ಮ ಸವಾರಿ. ಡಾಕ್ಟರು, ಸಿಸ್ಟರಮ್ಮ, ಡ್ರೈವರು, ನಾನು, ಇಷ್ಟ ಮಂದಿ. ವ್ಯಾನಿನ ಗೋಡಿ ಅಂದ್ರ ಹೊರಗ ತಗಡು, ಒಳಗ ಹಪ್ಪಳದಂಥ ಪ್ಲೈವುಡ್ಡು, ನಡುವ ಬರೀ ಗಾಳಿ.

ಹೆಣ್ಮಕ್ಕಳನ್ನ ನೋಡಾಕಂತ ಸಿಸ್ಟರಮ್ಮನ್ನ ಕೊಟ್ಟಿದ್ರು. ನೋಡಾಕ ಪರದಿ ಬೇಕು, ಪರದಿಗೆ ಹಗ್ಗ ಬೇಕು, ಹಗ್ಗಕ್ಕ ಎರಡು ಕಡೆ ಕೊಕ್ಕಿ ಬೇಕು. ಕೊಕ್ಕಿ ಆ ಗೋಡ್ಯಾಗ ನಿಲ್ಲಬೇಕಲ್ಲ? ಕೂಡ್ಲಿಗಿಯೊಳಗ ಒಬ್ಬ ಹೊಸ ಸೊಸಿ ಒಳಗಿದ್ದಾಗ್ಲೇ ಪರದಿ ಧಪ್ ಅಂತ ಬಿತ್ತು. ಆಕಿ ಮುಖ ಮುಚ್ಕೊಂಡು ಇಳದು ಹೋದ್ಲು. ಸುದ್ದಿ ಸಂತಿಯಿಂದ ಸಂತಿಗೆ ನಮಗಿಂತ ಮುಂಚೆ ಮುಟ್ಟಿತು. ಆಮೇಲೆ ಹೆಂಗಸರು ನಮ್ಮ ವ್ಯಾನು ಕಂಡ್ರ ಸೆರಗು ಬಿಗಿ ಮಾಡ್ಕೊಂಡು ಆಕಡಿ ಹೊಂಟುಬಿಡೋರು.

ಹಿಂಗ ಆದ್ರ ಮೇಲಿನೋರು ಬಿಡ್ತಾರೇನು? "ಹೆಂಗಸರು ಬರದಿದ್ರ ಸಿಸ್ಟರನ್ನ ಅಲ್ಲಿ ಇಟ್ಟು ಏನು ಮಾಡೋದು, ಬೇರೆ ಜಿಲ್ಲಾಕ್ಕ ಹಾಕ್ತೀವಿ" ಅಂತ ಹೇಳಿ ಕಳಿಸಿದ್ರು. ಆಕಿ ಗಂಡ ಹರಪನಹಳ್ಳಿಯೊಳಗ ಸಾಲಿ ಮಾಸ್ತರು, ಮಕ್ಕಳಿನ್ನೂ ಸಣ್ಣವು. "ಒಂದು ಕೊಕ್ಕಿ ಸಲುವಾಗಿ ನನ್ನ ಸಂಸಾರ ಎರಡು ಪಾಲಾಗ್ತೈತಲ್ರೀ ಅಣ್ಣಾರ" ಅಂತ ಆಕಿ ಕಣ್ಣೀರು ಹಾಕಿದ್ಲು. ಆವತ್ತಿನಿಂದ ಕೊಕ್ಕಿ ಕೂಡಿಸೋದು ನಮ್ಮೆಲ್ಲರ ಕೆಲಸ ಆತು.

ಡಾಕ್ಟರ ಮೊಳಿ

ಡಾಕ್ಟರಿಗೆ ಎಲ್ಲಾ ತಾವೇ ಮಾಡಬೇಕನ್ನೋ ಚಟ. "ಇದರಾಗೇನೈತಿ, ಸುತ್ತಿಗಿ ಕೊಡ್ರಿ" ಅಂದ್ರು. ಪರದಿ ಕೊಕ್ಕಿಗಂತ ಉದ್ದನ್ನ ಮೊಳಿ ಇಟ್ಟು ಒಂದೇ ಏಟು ಹಾಕಿದ್ರು. ಮೊಳಿ ಬೆಣ್ಣಿಯಾಗ ಇಳದಂಗ ಇಳೀತು. "ನೋಡಿದ್ರೇನು, ಕೈಗುಣ" ಅಂತ ನನ್ನ ಕಡೆ ತಿರುಗಿದ್ರು.

ಹೊರಗ ನಮ್ಮ ಡ್ರೈವರು ವ್ಯಾನಿಗೆ ಬೆನ್ನು ಆನಿಸಿ ನಿಂತು ಆರಾಮ ಬೀಡಿ ಸೇದಾಕ ಹತ್ತಿದ್ದ. ಅಲ್ಲಿಂದ "ಯವ್ವಾ" ಅಂತ ಕೂಗು ಬಂತು. ಡಾಕ್ಟರು ಬಾಗಿಲಿಗೆ ಓಡಿ "ಏನಾತೋ?" ಅಂತ ಕೇಳಿದ್ರು. ಆತ ಬೆನ್ನು ತಿಕ್ಕೊಂತ ಅಂದ: "ಏನಿಲ್ರಿ ಸಾಹೇಬ್ರ. ಚೀಟಿ ಮಾಡಿಸದೇ ಹೊರಗ ನಿಂತೋರಿಗೂ ಇಂಜಕ್ಷನ್ ಕೊಡ್ತಾರಂತ ನನಗ ಗೊತ್ತಿರಲಿಲ್ಲ."

ಅಂಟಿನ ಬೋರ್ಡು

ಮೊಳಿ ಸಾಕು ಅಂತ ಡಾಕ್ಟರು ಅಂಟಿಗೆ ಇಳದ್ರು. ಹುಣಸಿ ಬೀಜದ ಸರಿ ಕುದಿಸಿ, ಮೊದಲು ಕಣ್ಣು ನೋಡೋ ಅಕ್ಷರದ ಬೋರ್ಡು ಹಚ್ಚಿ ನೋಡೋಣು, ನಿಂತ್ರ ಪರದಿ ಕೊಕ್ಕಿ ಬಡದ ಕಟ್ಟಿಗಿ ತುಂಡು ಹಚ್ಚೋಣು ಅಂದ್ರು. ಹರಪನಹಳ್ಳಿಯಾಗ ಹಚ್ಚಿದಾಗ ಕಲ್ಲಿನಂಗ ನಿಂತಿತ್ತು. ಕೊಟ್ಟೂರಿನ ಬಿಸಿಲಿಗೆ ತಗಡು ಕಾದು ಹಂಚಾತು.

ಅಲ್ಲಿ ನಾಕು ಅಕ್ಷರ ಬಲ್ಲ ಅಜ್ಜ ಒಬ್ಬ ಕಣ್ಣು ತೋರಿಸಾಕ ಬಂದು ಕುಂತ. ಡಾಕ್ಟರು ಬೋರ್ಡಿಗೆ ಬೆನ್ನು ಮಾಡಿ ಚೀಟಿ ಬರೀತಿದ್ರು.

"ಕೆಳಗಿನ ಸಾಲು ಓದು ಅಜ್ಜಾ."

"ಕಾಣವಲ್ದ್ರಿ."

"ಹೋಗ್ಲಿ, ನಡುವಿನ ಸಾಲು?"

"ಅದೂ ಇಲ್ರಿ."

"ಮೇಲೆ ಅಷ್ಟು ದೊಡ್ಡ ಅಕ್ಷರ ಐತಲ್ಲ, ಅದಾದ್ರೂ?"

"ಏನೂ ಇಲ್ರೀಯಪ್ಪ, ಬರೀ ಗೋಡಿ."

ಡಾಕ್ಟರಿಗೆ ಭಾಳ ಕೆಟ್ಟನಿಸಿತು. ಪೆನ್ನು ಕೆಳಗಿಟ್ಟು, ಅಜ್ಜನ ಕೈ ಹಿಡಕೊಂಡು, "ಅಯ್ಯೋ ಪಾಪ, ಹಿಂಗ ಕಾಣದಂಗ ಆಗಿ ಎಷ್ಟು ದಿನ ಆತು?" ಅಂತ ಕೇಳಿದ್ರು.

"ಈಗ ಬಿತ್ತಲ್ರಿ," ಅಂದ ಅಜ್ಜ, "ಆಗಿನಿಂದ."

ಬಡಿತದ ಕರಾರು

ಕಡೀಗೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದ ತಗಡಿನ ಕೆಲಸ ಮಾಡೋ ಚಾಚಾನ ಹತ್ರ ಹೋದ್ವಿ. ತನ್ನಂಥ ಕಾರಿಗರ್ ತುಂಗಭದ್ರಿಯ ಈಕಡಿ ಇಲ್ಲ ಅಂತ ತಾನೇ ಹೇಳ್ಕೊಳ್ಳೋ ಮನಷ. "ಆರ್‌ಪಾರ್ ಬೋಲ್ಟು ಹಾಕೋಣ ಸಾಬ್. ಒಳಗಿಂದ ಕೊಕ್ಕಿಯ ಬೋಲ್ಟು, ಹೊರಗಿಂದ ನಟ್ಟು. ವ್ಯಾನು ಮುರೀಬೇಕು, ಕೊಕ್ಕಿ ಬೀಳಬಾರ್ದು" ಅಂದ.

ಬೋಲ್ಟು ತಿರುಗದಂಗ ಹಿಡಿಯಾಕ ನಾನು ಒಳಗ, ನಟ್ಟು ಬಿಗಿ ಮಾಡಾಕ ಚಾಚಾ ಹೊರಗ. ಒಬ್ಬರಿಗೊಬ್ಬರು ಕಾಣಂಗಿಲ್ಲ. ಅದಕ್ಕ ಕರಾರು ಮಾಡ್ಕೊಂಡ್ವಿ: ಆತ ತಗಡಿಗೆ ಒಂದು ಸಲ ಬಡದ್ರ ನಾನು ಇನ್ನೂ ಹಿಡೀಬೇಕು, ಎರಡು ಸಲ ಬಡದ್ರ ಬಿಡಬೇಕು.

ಕರಾರೇನೋ ಚಲೋ ಇತ್ತು. ಆದ್ರ ಆ ಸಾಲಿನ ತುಂಬ ತಗಡಿನ ಅಂಗಡಿ. ಒಬ್ಬ ಕೊಡ ಬಡಿಯಾವ, ಒಬ್ಬ ಡಬ್ಬಿ ಬಡಿಯಾವ. ಯಾವ ಬಡಿತ ನಂದು, ಯಾವುದು ಕೊಡದ್ದು, ನನಗೇನು ಗೊತ್ತು? ಬಿಟ್ಟೆ, ಹಿಡದೆ, ಮತ್ತ ಬಿಟ್ಟೆ, ಮತ್ತ ಹಿಡದೆ. ಕೈ ಸೋತು ಹೋತು. ಕಡೀಗೆ ಕಿಟಕಿಯಿಂದ ತಲಿ ಹಾಕಿ "ಚಾಚಾ, ಬಿಗಿ ಆತೇನು?" ಅಂತ ಒದರಿದೆ.

ರಸ್ತೆ ಆಚಿಯ ಹೋಟೆಲಿನಿಂದ, ಕೈಯಾಗ ಚಾ ಕಪ್ಪು ಹಿಡಕೊಂಡು ಚಾಚಾ ಹೇಳಿದ: "ನಂದು ಆಗಲೇ ಮುಗೀತಪ್ಪ. ನೀನು ಇನ್ನೂ ಒಳಗ ಏನು ಮಾಡಾಕ ಹತ್ತಿ?"

ಹೊರಗಿನ ಗಿರಾಕಿ

ಚಾಚಾ ಹೇಳಿದಂಗ ಕೊಕ್ಕಿ ಅಲ್ಲಾಡಲಿಲ್ಲ. ಆದ್ರ ಬೋಲ್ಟಿನ ಉಳಿದ ತುದಿ ಹೊರಗ ಬೆರಳಿನಷ್ಟುದ್ದ ಚಾಚಿಕೊಂಡಿತ್ತು. ಹಡಗಲಿ ಸಂತ್ಯಾಗ ವ್ಯಾನು ನಿಲ್ಲಿಸಿ ಒಳಗ ಕುಂತ್ವಿ. ಎಷ್ಟು ಹೊತ್ತಾದ್ರೂ ಒಬ್ಬ ರೋಗಿನೂ ಒಳಗ ಬರವಲ್ಲ. ಹೊರಗ ನೋಡಿದ್ರ ಪಾಳಿ ಹಚ್ಚಿ ಮಂದಿ ಕುಂತಾರ.

ಇಳದು ನೋಡ್ತೀನಿ, ಸಂತ್ಯಾಗ ಕ್ಷೌರ ಮಾಡಾವ ಒಬ್ಬ ನಮ್ಮ ಬೋಲ್ಟಿಗೆ ಕನ್ನಡಿ ತೂಗು ಹಾಕ್ಯಾನ. ವ್ಯಾನಿನ ನೆರಳಿಗೆ ಅಂಗಡಿ ಭರ್ಜರಿ ನಡದೈತಿ. ಡಾಕ್ಟರು ಸಿಟ್ಟಿಲೆ "ಇದು ಸರಕಾರದ ವ್ಯಾನು, ಈಗ ಹೊಂಡ್ತೈತಿ, ಕನ್ನಡಿ ತಗಿ" ಅಂದ್ರು. ಡ್ರೈವರು ಗಾಡಿ ಚಾಲೂನೂ ಮಾಡಿದ. ಕ್ಷೌರದಾವ ಕತ್ತಿ ಒರಸ್ಕೊಂತ, ಸೋಪು ಹಚ್ಕೊಂಡು ಕುಂತಿದ್ದ ಗೌಡ್ರನ್ನ ತೋರಿಸಿ ಮೆಲ್ಲಕ ಅಂದ: "ಆಗ್ಲಿರೀಯಪ್ಪ. ಗೌಡ್ರದು ಇನ್ನೊಂದು ಗಲ್ಲ ಉಳದೈತಿ, ಅದನ್ನ ನೀವೇ ಹೇಳಿ ಎಬ್ಬಿಸ್ರಿ."

ಗೌಡ್ರನ್ನ ಎಬ್ಬಿಸೋ ಧೈರ್ಯ ಯಾರಿಗೈತಿ? ಇನ್ನೊಂದು ಗಲ್ಲ ಮುಗಿಯೋತನಕ ಸರಕಾರ ಅಲ್ಲೇ ನಿಂತ್ಕೊಂತು.

ಹಲವಾಗಲಿನ ಅಜ್ಜಿ

ಪರದಿ ಗಟ್ಟಿ ಆತು, ಖರೆ. ಆದ್ರ ಹೆಂಗಸರು ಬರಬೇಕಲ್ಲ. ಒಂದು ಸಲ ಬಿದ್ದ ಪರದಿಯನ್ನ ಯಾರು ನಂಬ್ತಾರ? ಸಿಸ್ಟರಮ್ಮ ದಿನಾ ಅದನ್ನ ಒಗದು ಹಾಕೋದು, ಸುಮ್ನ ಕುಂಡ್ರೋದು.

ಹಲವಾಗಲಿಗೆ ಹೋದಾಗ ಒಬ್ಬ ಅಜ್ಜಿ ಹೊಟ್ಟಿ ನೋವಿನ ಸೊಸಿ, ಅಳೋ ಮೊಮ್ಮಗು ಕರಕೊಂಡು ಹತ್ತಿದ್ಲು. ಪರದಿ ಕಡೆ ಆಕಿ ಕಣ್ಣು ಹೊರಳಿಸಲಿಲ್ಲ, ನೆಟ್ಟಗ ಕೊಕ್ಕಿ ನೋಡಿದ್ಲು. ಎರಡೂ ಕೈಲೆ ಹಿಡದು ಜೋತುಬಿದ್ದು ಜಗ್ಗಿದ್ಲು. ತೊಟ್ಟಿಲ ಹಗ್ಗ ಹಿಂಗ ಜಗ್ಗಿ ನೋಡದೇ ನಮ್ಮ ಕಡೆ ಯಾವ ಅಜ್ಜಿಯೂ ಕೂಸು ಮಲಗಿಸಂಗಿಲ್ಲ. ನಾನು ಕಣ್ಣು ಮುಚ್ಚಿದೆ. ಕೊಕ್ಕಿ ಜಪ್ಪಯ್ಯ ಅನ್ನಲಿಲ್ಲ.

ಆಕಿ ಗಂಟಿನಿಂದ ಹಳೀ ಸೀರಿ ತಗದು ಈ ಕೊಕ್ಕಿಯಿಂದ ಆ ಕೊಕ್ಕಿಗೆ ಜೋಳಿಗಿ ಕಟ್ಟಿ ಕೂಸಿನ್ನ ಹಾಕಿದ್ಲು. ಕೂಸು ನಿದ್ದಿ ಹೋತು, ಸೊಸಿ ಪರದಿ ಹಿಂದ ಹೋದ್ಲು. ಇಳದು ಹೋಗುವಾಗ ಬಾಗಿಲ ಬಳಿ ನಿಂತಿದ್ದ ಹೆಂಗಸರಿಗೆ ಅಜ್ಜಿ ಸಾರಿದ್ಲು: "ಕೂಸಿನ್ನ ತಡದದ್ದು ಗೇಣು ಅರಿವಿ ತಡಿಯಂಗಿಲ್ಲೇನು? ಹೋಗ್ರಿ." ಆಮೇಲಿಂದ ಬಂದ್ರು ನೋಡ್ರಿ ಹೆಂಗಸರು, ಎಲ್ಲಾರ ಬಗಲಾಗೂ ಒಂದೊಂದು ಕೂಸು, ಒಂದೊಂದು ಹಳೀ ಸೀರಿ. ಕೊಕ್ಕಿ ಸಾಲದೇ ಚಾಚಾ ಇನ್ನೊಂದು ಜೋಡಿ ಹೊಡೀಬೇಕಾತು.

ದೊಡ್ಡ ಸಾಹೇಬ್ರು

ಸಿಸ್ಟರಮ್ಮನ್ನ ಇಡಬೇಕೋ ಕಳಿಸಬೇಕೋ ನೋಡಾಕ ದೊಡ್ಡ ಸಾಹೇಬ್ರು ಉಚ್ಚಂಗಿದುರ್ಗಕ್ಕ ಹೇಳದೇ ಬಂದ್ರು. ಡಾಕ್ಟರು, ನಾನು ಊರೊಳಗ ಒಬ್ಬ ರೋಗಿ ಮನಿಗೆ ಹೋಗಿದ್ವಿ. ಸಾಹೇಬ್ರು ಬೂಟು ಟಕ್ ಟಕ್ ಮಾಡ್ಕೊಂತ ವ್ಯಾನು ಹತ್ತಿದ್ರು. ಬಾಗಿಲ ಹತ್ರ ಜೋಳಿಗಿ ತೂಗ್ತಿದ್ದ ಮುದುಕಿ "ಶ್" ಅಂತ ಬಾಯಿಗೆ ಬೆರಳಿಟ್ಲು. "ಈಗ ಕಣ್ಣು ಮುಚ್ಚೈತಪ್ಪ. ನನ್ನ ಪಾಳಿ ಬಂತು, ಒಂದೀಟು ತೂಗ್ತಿರು" ಅಂತ ತೂಗೋ ಹಗ್ಗ ಅವರ ಕೈಯಾಗಿಟ್ಟು ಪರದಿ ಹಿಂದ ನಡದುಬಿಟ್ಲು.

ಸಾಹೇಬ್ರು ಹಗ್ಗ ಬಿಟ್ರು, ಕೂಸು ಕಿಟಾರನೆ ಕಿರಚ್ತು. ಗಾಬರಿ ಬಿದ್ದು ಮತ್ತ ಹಿಡದ್ರು, ಸುಮ್ಮನಾತು. ಅಷ್ಟರಾಗ ಇನ್ನೊಬ್ಬಾಕಿ ಬಂದು ಎರಡನೇ ಜೋಳಿಗಿಗೆ ತನ್ನ ಕೂಸು ಹಾಕಿ, ಆ ಹಗ್ಗನೂ ಸಾಹೇಬ್ರ ಇನ್ನೊಂದು ಕೈಗೆ ಕೊಟ್ಲು. ಹೊರಗ ಪಾಳ್ಯಾಗಿದ್ದೋರಿಗೆ ಹೇಳಿದ್ಲು: "ಭಾಳ ಚಲೋ ಆತವ್ವ. ಸರಕಾರದೋರು ತೂಗಾಕಂತ ಒಬ್ಬ ಆಳನ್ನೂ ಇಟ್ಟಾರ."

ನಾವು ಓಡಿ ಬಂದಾಗ ಸಾಹೇಬ್ರು ಟೋಪಿ ಓರೆ ಆಗಿ, ಬೆವರು ಇಳಿಸ್ಕೊಂತ, ಎಡಕ್ಕೊಂದು ಬಲಕ್ಕೊಂದು ತೂಗಾಕ ಹತ್ತಿದ್ರು. ಹೊರಗ ಕೂಸು ಹೊತ್ತ ಹೆಂಗಸರ ಪಾಳಿ ಹುಣಸಿ ಗಿಡ ದಾಟಿತ್ತು. ಸಿಸ್ಟರಮ್ಮ ಪರದಿ ಸಂದಿಯಿಂದ ಇಣುಕಿ ನೋಡಿ, ಪರದಿ ಮತ್ತ ಎಳಕೊಂಡ್ಲು. ಡಾಕ್ಟರು "ನಮಸ್ಕಾರ ಸಾರ್" ಅಂದ್ರು.

"ಮೆಲ್ಲಕ ಮಾತಾಡ್ರಿ" ಅಂತ ಸಾಹೇಬ್ರು ಹಲ್ಲು ಕಚ್ಚಿ ಪಿಸುಗುಟ್ಟಿದ್ರು. "ಸಿಸ್ಟರು ಇಲ್ಲೇ ಇರ್ಲಿ, ಎಲ್ಲಿಗೂ ಕಳಸೂದಿಲ್ಲ. ಮೊದಲು ನನ್ನನ್ನ ಇಲ್ಲಿಂದ ವರ್ಗಾ ಮಾಡ್ರಿ."