ಹೆಡ್ಲಿಯ ವಾಯುವಿಹಾರ, ಡಚೆಸ್ ಸಮೇತ

ಕಾರ್ನ್‌ವಾಲ್ ಕರಾವಳಿಯ ಪೋರ್ತ್‌ಕಾರೆಕ್ ಹಳ್ಳಿಯಲ್ಲಿ ನ್ಯಾನ್‌ಕ್ಯಾರೋ ಮನೆತನದವರೆಂದರೆ ಸಾಮಾನ್ಯರಲ್ಲ. ಮುತ್ತಜ್ಜ ಜೇಬೆಜ್, ಬಿರುಗಾಳಿಗೆ ಎದೆಯೊಡ್ಡಿ, ಒಡೆದ ಹಡಗಿನಲ್ಲಿದ್ದ ಅಷ್ಟೂ ಜನರನ್ನೂ ಒಂದು ಹಂದಿಯನ್ನೂ ದಡ ಸೇರಿಸಿದವನು. ಅಜ್ಜ ಹ್ಯಾನಿಬಲ್, ರಕ್ಷಣಾ ದೋಣಿಯ ಚುಕ್ಕಾಣಿ ಹಿಡಿದು, ಕಡಲೊಳಕ್ಕೆ ಚಾಚಿದ ಮೂಗುಬಂಡೆಯ ಮೇಲೆ ಬರೀ ಚಡ್ಡಿಯಲ್ಲಿ ನಡುಗುತ್ತಿದ್ದ ಬೊಲಿಥೊ ಎಂಬ ಬೆಸ್ತನನ್ನು ಕೊರಳಪಟ್ಟಿ ಹಿಡಿದು ಎತ್ತಿದವನು. (ಬರೀ ಚಡ್ಡಿಯಲ್ಲಿದ್ದವನಿಗೆ ಕೊರಳಪಟ್ಟಿ ಎಲ್ಲಿಂದ ಬಂತು ಎಂದು ಕೇಳಬಾರದು. ಕೇಳಿದವರನ್ನು ಹೆಡ್ಲಿ ಮಾತಾಡಿಸುವುದಿಲ್ಲ.)

ಹೆಡ್ಲಿ ಆ ಹ್ಯಾನಿಬಲ್‌ನ ಮೊಮ್ಮಗ. ಸ್ವತಃ ಯಾರನ್ನೂ ರಕ್ಷಿಸಿದವನಲ್ಲ. ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತೊತ್ತಿ ನಿವೃತ್ತನಾದವನು. ಆದರೆ ಆ ಚಡ್ಡಿಯ ಕಥೆಯನ್ನು ಊರ ಪಬ್ಬಿನಲ್ಲಿ ತಲೆ ನರೆಯುವ ತನಕ ಹೇಳಿದ್ದ, ಅದರಲ್ಲೂ ಹೆಂಡತಿಯ ತಮ್ಮ ಪಾಸ್ಕೋ ಬೊಲಿಥೊ ಎದುರಿಗೆ ಕೂತಿದ್ದಾಗ. ಆ ಚಡ್ಡಿ ಪಾಸ್ಕೋನ ಅಜ್ಜನದು.

"ನಾವು ಎತ್ತೋ ಜನ ಕಣಯ್ಯಾ, ಎತ್ತಿಸಿಕೊಳ್ಳೋರಲ್ಲ" ಎಂದು ಹೆಡ್ಲಿ ಕಥೆ ಮುಗಿಸುತ್ತಿದ್ದ. ಪಾಸ್ಕೋ ಬಿಯರ್ ನೊರೆಯನ್ನು ಊದುತ್ತಾ ಕೂತಿರುತ್ತಿದ್ದ. ಈಗ ರಕ್ಷಣಾ ದೋಣಿಯ ಚುಕ್ಕಾಣಿ ಇರುವುದು ಇದೇ ಪಾಸ್ಕೋನ ಕೈಯಲ್ಲಿ. ಕಾಲ ಕೆಟ್ಟಿದೆ.

ಇಂಥ ಹೆಡ್ಲಿಗೆ ಗಂಟುಬಿದ್ದದ್ದು ಡಚೆಸ್, ಹೆಂಡತಿ ಲವ್‌ಡೇ ತವರಿನಿಂದ ತಂದ ನಾಯಿ. ಉದ್ದ ಕಿವಿ, ಗಿಡ್ಡ ಕಾಲು, ನೆಲ ಗುಡಿಸುವ ಹೊಟ್ಟೆ, ಈಗಷ್ಟೇ ಮಣ್ಣು ಮಾಡಿ ಬಂದಂಥ ಮುಖ. ಪಶುವೈದ್ಯ ನಾಯಿ ಕರಗಬೇಕು ಅಂದ. ಅದೇ ವಾರ ಮನುಷ್ಯರ ಡಾಕ್ಟರು ಹೆಡ್ಲಿಯ ಹೊಟ್ಟೆಗೂ ಅದೇ ತೀರ್ಪು ಕೊಟ್ಟರು. ಲವ್‌ಡೇ ಎರಡು ಹೊಟ್ಟೆಗೂ ಸೇರಿಸಿ ಒಂದೇ ಹಗ್ಗ ಕಟ್ಟಿ ವಾಯುವಿಹಾರಕ್ಕೆ ಹೊರಡಿಸಿದಳು.

"ಊರ ಮುಂದಿನ ಮರಳಿಗೆ ಬೇಸಿಗೆ ಮುಗಿಯೋ ತನಕ ನಾಯಿ ಬಿಡಲ್ಲ. ಮೇಲಿನ ದಾರೀಲಿ ಹೋಗಿ, ಮೂಗುಬಂಡೆ ಆಚೆ ಕೊಲ್ಲಿಗೆ ಇಳೀರಿ. ಬರೋವಾಗ್ಲೂ ಮೇಲಿನ ದಾರೀಲೇ ಬನ್ನಿ. ಕೆಳಗೆ ಮರಳ ಮೇಲೆ ಬಂದ್ರೆ ನೀರು ಸುತ್ತಿಕೊಳ್ಳುತ್ತೆ."

"ಭರತ ಇಳಿತ ನನಗೆ ಹೇಳಿಕೊಡ್ತೀಯೇನೆ? ಭರತದ ಪುಸ್ತಕದಲ್ಲಿರೋದು ಚಳಿಗಾಲದ ಗಂಟೆ. ಈಗ ಬೇಸಿಗೆ, ಗಡಿಯಾರ ಮುಂದಕ್ಕೆ ತಿರುಗಿಸಿದೀವಿ. ಒಂದು ಗಂಟೆ ಕೂಡಿಸಬೇಕು."

"ಅದು ನಿಮ್ಮಜ್ಜನ ಕಾಲದ ಪುಸ್ತಕದ ಮಾತು ಕಣ್ರೀ. ನಿಮ್ಮ ಕೈಲಿರೋ ಈ ವರ್ಷದ್ದರಲ್ಲಿ ಆ ಗಂಟೇನ ಅವರೇ ಕೂಡಿಸಿ ಅಚ್ಚು ಹಾಕಿದಾರೆ. ರಟ್ಟಿನ ಮೇಲೆ ಕೆಂಪಕ್ಷರದಲ್ಲಿದೆ, ನೋಡಿ!"

"ನ್ಯಾನ್‌ಕ್ಯಾರೋಗಳು ಕೂಡಿಸದೆ ಕಡಲ ಹತ್ತಿರ ಹೋದೋರಲ್ಲ!" ಎಂದು ಹೆಡ್ಲಿ ಇನ್ನೊಂದು ಗಂಟೆ ಕೂಡಿಸಿದ. ಮಾಂಸ ಆಲೂಗಡ್ಡೆ ತುಂಬಿ ಸುಟ್ಟ ದೊಡ್ಡ ಕಡುಬೊಂದನ್ನು, ಹೆಂಡತಿಯ ಕಣ್ಣು ತಪ್ಪಿಸಿ, ಕೋಟಿನ ಜೇಬಿಗೆ ಇಳಿಸಿದ.

ಬೆಟ್ಟದಂಚಿನ ದಾರಿಯಲ್ಲಿ ಹಳದಿ ಹೂವು, ಕೆಳಗೆ ನೀಲಿ ನೀರು, ಮೇಲೆ ಕಡಲಹಕ್ಕಿ. ಹೆಡ್ಲಿ ಕಂಡದ್ದು ಇದ್ಯಾವುದನ್ನೂ ಅಲ್ಲ, ಡಚೆಸ್‌ನ ಹಿಂಭಾಗವನ್ನು. ಗೋಡೆ ದಾಟುವ ಕಲ್ಲುಮೆಟ್ಟಿಲು ಬಂದಲ್ಲೆಲ್ಲ ಅದು ಕೂತುಬಿಡುತ್ತಿತ್ತು. ಅದನ್ನು ಒದ್ದೆ ಮರಳಿನ ಮೂಟೆಯಂತೆ ತಬ್ಬಿ ಎತ್ತಬೇಕು. ಎದುರು ಬಂದ ಪ್ರವಾಸಿಗರೆಲ್ಲ, "ಅಯ್ಯೋ ನನ್ನ ಬಂಗಾರಿ, ಸುಸ್ತಾಯ್ತಾ? ನಿನ್ನ ಹೆಸರೇನಮ್ಮಾ?" ಎಂದು ನಾಯಿಯನ್ನು ವಿಚಾರಿಸಿ ಹೋದರು. ಸೊಂಟ ಹಿಡಿದುಕೊಂಡು ನಿಂತ ಮುದುಕನ ಹೆಸರು ಯಾರಿಗೂ ಬೇಕಿರಲಿಲ್ಲ.

ಕೊಲ್ಲಿಗೆ ಇಳಿದದ್ದಾಯಿತು. ಮತ್ತೆ ಮೇಲೆ ಹತ್ತು ಎಂದರೆ ಡಚೆಸ್ ಹೊಟ್ಟೆ ಹಾಸಿ ಮಲಗಿತು. ಹೊತ್ತು ಹತ್ತಲು ಹೆಡ್ಲಿಯ ಸೊಂಟ ಒಪ್ಪಲಿಲ್ಲ. 'ನೀರು ಇನ್ನೂ ಇಳಿಯುತ್ತಲೇ ಇದೆ' ಎಂದು ಅಜ್ಜನ ಲೆಕ್ಕ ನಂಬಿ, ಕೆಳಗಿನ ಮರಳ ಮೇಲೇ ಊರ ಕಡೆ ಹೊರಟ.

ಮೂಗುಬಂಡೆ ತಲುಪುವಾಗ ಮುಂದೆಯೂ ನೀರು, ಹಿಂದೆಯೂ ನೀರು. ನಾಯಿಯನ್ನು ಬಂಡೆಯ ಮೇಲಕ್ಕೆ ನೂಕಿದ. ನಾಲ್ಕು ಹೆಜ್ಜೆ ನೀರು ದಾಟಿದರೆ ಆಚೆ ಮರಳು ಎಂದು ಪ್ಯಾಂಟು ಕಳಚಿ, ಮಡಿಸಿ, ಕಲ್ಲಿನ ಮೇಲಿಟ್ಟು, ಒಂದು ಕಾಲು ಇಳಿಸಿದ. ನೀರು ತೊಡೆಗೆ ಬಂತು. ಬಂಡೆಗೆ ವಾಪಸು ಹತ್ತಿ ನೋಡಿದರೆ ಪ್ಯಾಂಟು ಐರ್ಲೆಂಡಿನ ದಿಕ್ಕಿಗೆ ಪ್ರಯಾಣ ಬೆಳೆಸಿತ್ತು.

ಅಜ್ಜನ ಕಥೆಯ ಬಂಡೆ. ಕಥೆಯ ಉಡುಪು. ಹೆಡ್ಲಿ ಆಕಾಶ ನೋಡಿದ. "ದೇವರೇ, ಬೇಕಾದರೆ ನನ್ನನ್ನು ಮುಳುಗಿಸಿಬಿಡು, ಪಾಸ್ಕೋನನ್ನು ಮಾತ್ರ ಕಳಿಸಬೇಡ" ಎಂದು ಬೇಡಿಕೊಂಡ. ಡಚೆಸ್ ಕೋಟಿನ ಜೇಬು ಮೂಸುತ್ತಿತ್ತು.

ದೇವರು ಪಾಸ್ಕೋನನ್ನೇ ಕಳಿಸಿದ. ಕಿತ್ತಳೆ ಬಣ್ಣದ ದೋಣಿ ಬಂಡೆಗೆ ಬಂದು ತಾಗಿತು.

"ಯಾರು ಹೇಳಿಕಳಿಸಿದ್ದೋ ನಿನಗೆ?" ಹೆಡ್ಲಿ ಗುಡುಗಿದ.

"ಮೇಲಿನ ದಾರೀಲಿದ್ದ ಪ್ರವಾಸಿಗರು ಫೋನ್ ಮಾಡಿದ್ರು, ಭಾವ. ಪಾಪದ ನಾಯಿಯೊಂದು ಬಂಡೆ ಮೇಲೆ ಸಿಕ್ಕಿಕೊಂಡಿದೆ, ಮುಖ ನೋಡೋಕಾಗ್ತಿಲ್ಲ, ಬೇಗ ಬನ್ನಿ ಅಂತ. ಜೊತೆಗೆ ಯಾರೋ ಒಬ್ಬ ಮನುಷ್ಯನೂ ಇದಾನೆ ಅಂತ ಕೊನೇಲಿ ಹೇಳಿದ್ರು."

ಪಾಸ್ಕೋನ ಕಣ್ಣು ಚಡ್ಡಿಯ ಮೇಲೆ ಬಿತ್ತು. ಅವನು ತಕ್ಷಣ ಕಣ್ಣನ್ನು ದೋಣಿಯ ಹಗ್ಗಕ್ಕೆ ತಿರುಗಿಸಿದ. ನಗಲಿಲ್ಲ. ಆ ಸಭ್ಯತೆಗಿಂತ ಅವನು ನಕ್ಕುಬಿಟ್ಟಿದ್ದರೇ ವಾಸಿ ಅನಿಸಿತು ಹೆಡ್ಲಿಗೆ.

ಮೊಣಕಾಲೆತ್ತರದ ಗೋಡೆಯನ್ನೂ ದಾಟದಿದ್ದ ಡಚೆಸ್, ಜೇಬಿನ ಕಡುಬನ್ನು ಕಚ್ಚಿಕೊಂಡು, ಜಿಂಕೆಯ ಹಾಗೆ ಹಾರಿ ದೋಣಿಯಲ್ಲಿ ಕೂತಿತು. ಮೇಲಿನ ದಾರಿಯಿಂದ ಚಪ್ಪಾಳೆ ಕೇಳಿಸಿತು.

"ಕೈ ಕೊಡಿ, ಭಾವ," ಪಾಸ್ಕೋ ಮೆಲ್ಲಗೆ ಅಂದ. "ನೀವು ಮುಳುಗೋದಿಲ್ಲ ಬಿಡಿ, ಆದ್ರೆ ಇಲ್ಲೇ ನಿಂತ್ರೆ ನೀರು ಮೊಣಕಾಲಿಗೆ ಬರುತ್ತೆ. ಇಳಿಯೋ ಹೊತ್ತಿಗೆ ಸಂಜೆ ದಾಟುತ್ತೆ. ಅಕ್ಕ ದಡದಲ್ಲಿ ಕಂಬಳಿ ಹಿಡಕೊಂಡು ನಿಂತಿದಾಳೆ. ಪಬ್ಬಿನವರೂ ಬಂದಿದಾರೆ. ಎಲ್ಲರೂ."

ಹೆಡ್ಲಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಕೋಟು ಸಾಕಷ್ಟು ಕೆಳಗೆ ಬರಲಿಲ್ಲ. ಆದರೂ ಎದೆ ಸೆಟೆಸಿದ.

"ನಾನೇನು ಸಿಕ್ಕಿಕೊಂಡಿಲ್ಲ ಕಣೋ ಪಾಸ್ಕೋ, ನಿಂತಿದೀನಿ. ಡಾಕ್ಟರು ಗಾಳಿ ಕುಡಿ ಅಂದಿದಾರೆ, ಕುಡೀತಿದೀನಿ. ನಾಯೀನ ಬೇಕಾದ್ರೆ ಕರಕೊಂಡು ಹೋಗು, ಅದು ನಿಮ್ಮ ಕಡೇದು. ನನ್ನನ್ನ ಮುಟ್ಟಬೇಡ!"