ಚಾವಡಿಯಲ್ಲಿ ಮಾವನವರ ಡ್ಯೂಟಿ

ಈ ಮೂಲಕ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಮನೆಯಿಂದ ಮನೆಗೇ ಡ್ಯೂಟಿಗೆ ಹೊರಟು, ಅಲ್ಲಿಗೂ ಐದು ನಿಮಿಷ ಮೊದಲೇ ತಲುಪುತ್ತಿದ್ದ ವ್ಯಕ್ತಿ ನಾನು ಕಂಡಂತೆ ನನ್ನ ಸೋದರಮಾವನವರೊಬ್ಬರೇ. ಶಾಲಾ ಕಚೇರಿಯ ಗುಮಾಸ್ತನಾದ ನನಗೆ ಅರ್ಜಿಗಳ ಹೊರತು ಬೇರೇನನ್ನೂ ಬರೆದ ಅನುಭವವಿಲ್ಲ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಮಾವನವರು ಸಿದ್ಧಕಟ್ಟೆ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವವರು. ಕಳೆದ ವರ್ಷ ಪುತ್ತಿಗೆಯ ತಮ್ಮ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಅವರನ್ನು ಬಿಡಲೊಪ್ಪದ ಕಾರ್ಖಾನೆಯವರು ಯಂತ್ರಗಳ ಮುಂದೆ ಕ್ಯಾಮರಾ ಇರಿಸಿ, ಮನೆಗೊಂದು ಲ್ಯಾಪ್‌ಟಾಪ್ ಕಳುಹಿಸಿ, ಮೂರು ತಿಂಗಳು ಅಲ್ಲಿಂದಲೇ ಕೆಲಸ ಮಾಡುವಂತೆಯೂ, ತದನಂತರ ಮರಳುವಿರೋ ಹಾಗೆಯೇ ಮುಂದುವರಿಯುವಿರೋ ಎಂಬುದನ್ನು ಲಿಖಿತವಾಗಿ ತಿಳಿಸುವಂತೆಯೂ ಸೂಚಿಸಿದರು. ಮರಳುವುದಲ್ಲದೆ ಮತ್ತೇನು? ಮಾವನವರು ಅಂದಿನಿಂದಲೇ ದಿನ ಎಣಿಸತೊಡಗಿದರು.

ಬೆಳಿಗ್ಗೆ ಎಂಟಕ್ಕೆ ಸಮವಸ್ತ್ರ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಪ್ಲಾಸ್ಟರು. ಊರುಗೋಲು ಹಿಡಿದು ಗೇಟಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದು ಮನೆಯ ಮುಂಭಾಗದ ಚಾವಡಿಯಲ್ಲಿ ಆಸೀನರಾಗುತ್ತಿದ್ದರು.

“ಎಲ್ಲಿಗೆ ಹೋಗಿ ಬಂದದ್ದು?” ಎಂದು ಅತ್ತೆ ವಿಚಾರಿಸಿದರು.

“ಹೋದದ್ದು ಮಾತ್ರ. ಬರುವುದು ಸಂಜೆ ಐದಕ್ಕೆ.”

ಮುಂದಿನ ತೊಡಕು ಮೌನದ್ದು. ಯಂತ್ರದ ಸದ್ದಿಲ್ಲದೆ ತಲೆ ಓಡುವುದಿಲ್ಲವಾದ್ದರಿಂದ ಗ್ರೈಂಡರನ್ನು ಖಾಲಿ ಓಡಿಸಬೇಕೆಂದು ಅವರು ಅಡುಗೆಮನೆಗೆ ಆದೇಶಿಸಿದರು.

“ಖಾಲಿ ಓಡಿಸುವುದಕ್ಕೆ ನನಗೇನು ಮರ್ಲಾ? ಅಕ್ಕಿ ಹಾಕ್ತೇನೆ,” ಎಂದರು ಅತ್ತೆ.

ತತ್ಪರಿಣಾಮವಾಗಿ ಆ ತಿಂಗಳು ಅಕ್ಕಪಕ್ಕದ ನಾಲ್ಕು ಮನೆಗಳಿಗೆ ದೋಸೆಹಿಟ್ಟು ಸರಬರಾಜಾಯಿತು.

ಒಮ್ಮೆ ಬೀಜ ಒಣಗಿಸುವ ಯಂತ್ರದ ಫ್ಯಾನು ವಿಚಿತ್ರವಾಗಿ ಕೂಗುತ್ತಿದೆಯೆಂದು ಕರೆ ಬಂತು. “ಫೋನನ್ನು ಮೋಟರಿನ ಹೊಟ್ಟೆಗೆ ಹಿಡಿ,” ಎಂದ ಮಾವನವರು ಕಣ್ಣುಮುಚ್ಚಿ ಆಲಿಸಿ, “ಬೇರಿಂಗ್ ಅಲ್ಲ. ಬುಡದ ಬೋಲ್ಟು ಸಡಿಲ,” ಎಂದರು. ಪರಿಶೀಲಿಸಲಾಗಿ ಹಾಗೆಯೇ ಇತ್ತು. ಮ್ಯಾನೇಜರರು ಮನಸಾರೆ ಹೊಗಳಿದರೂ ಮಾವನವರ ಮುಖ ಮಾತ್ರ ಸಪ್ಪೆ.

“ಮುಟ್ಟಿ ಹೇಳಿದರೆ ಅದು ರಿಪೇರಿ, ಮಾರಾಯ,” ಎಂದರು ನನ್ನಲ್ಲಿ. “ಮುಟ್ಟದೆ ಹೇಳಿದರೆ ಜ್ಯೋತಿಷ್ಯ.”

ಅತ್ತೆಯವರು ಬೀಡಿ ಕಟ್ಟುವವರು. ಚಾವಡಿಯ ಇನ್ನೊಂದು ಬದಿಯಲ್ಲಿ ಎಲೆ, ಹೊಗೆಸೊಪ್ಪಿನ ಮೊರವನ್ನು ಮಡಿಲಿಗಿಟ್ಟು ಅವರು ಕುಳಿತಿದ್ದಾಗ ಮಾವನವರು, “ನಾನು ಮಾಡುವುದಕ್ಕೆ ವರ್ಕ್ ಫ್ರಮ್ ಹೋಮ್ ಅಂತ ಹೆಸರು,” ಎಂದು ತಿಳಿಯಪಡಿಸಿದರು.

“ಹೌದಾ? ಮದುವೆಯಾಗಿ ಬಂದಲ್ಲಿಂದ ನಾನು ಮಾಡುವುದೂ ಅದನ್ನೇ. ನನಗೆ ಯಾರೂ ಲ್ಯಾಪ್‌ಟಾಪ್ ಕಳಿಸಲಿಲ್ಲ.”

“ಬೀಡಿಗೆ ಲ್ಯಾಪ್‌ಟಾಪ್ ಯಾಕೆ?”

“ಗೇರುಬೀಜಕ್ಕೆ ಯಾಕೆ?”

ತಕ್ಷಣದಿಂದ ಜಾರಿಗೆ ಬರುವಂತೆ ಮಾವನವರು ಲ್ಯಾಪ್‌ಟಾಪಿನತ್ತ ತಿರುಗಿದರು.

ಮೂರು ತಿಂಗಳು ತುಂಬಿತು. ಪ್ಲಾಸ್ಟರು ಬಿಚ್ಚಿಯಾಗಿತ್ತು. ಅರ್ಜಿ ಬರೆಯಲು ನನಗೆ ಕರೆ ಬಂದಾಗ, ಕರ್ತವ್ಯಕ್ಕೆ ಮರುಹಾಜರಾಗಲು ಅನುಮತಿ ಕೋರುವ ಕರಡನ್ನು ಸಿದ್ಧಪಡಿಸಿಕೊಂಡೇ ಹೋದೆ. ಆಗಷ್ಟೇ ಪೇಟೆಗೆ ನಡೆದುಹೋಗಿ ಮೀನು ತಂದಿದ್ದ ಮಾವನವರು ಅದನ್ನು ಎರಡು ಬಾರಿ ಓದಿದರು.

“ಚೆಂದ ಉಂಟು. ಇದನ್ನೇ ಉಲ್ಟಾ ಬರೆ.”

“ಏನು ಮಾವ, ಇಷ್ಟು ದಿನ ಮೆಷಿನ್ ಮೆಷಿನ್ ಅಂತ ಜೀವ ಬಿಟ್ಟದ್ದು ನೀವೇ ಅಲ್ವಾ?”

ಅವರು ಅತ್ತೆ ಬೀಡಿ ಕಟ್ಟುತ್ತಿದ್ದ ಚಾವಡಿಯತ್ತ ನೋಡಿ ದನಿ ತಗ್ಗಿಸಿದರು.

“ನನ್ನ ಬುತ್ತಿಯಲ್ಲಿ ದಿನಾ ಮೀನು ಇರ್ತಿತ್ತು. ಗಂಟೆ ಒಂದಾದರೆ ನಾನು ಉಣ್ತಿದ್ದೆ. ಇವಳು ಇಷ್ಟು ವರ್ಷ ಮಧ್ಯಾಹ್ನ ಉಣ್ತಾನೇ ಇರಲಿಲ್ಲ ಮಾರಾಯ. ಎದ್ದರೆ ಒಂದು ಕಟ್ಟು ಬೀಡಿ ಕಮ್ಮಿ ಆಗ್ತದಂತೆ. ಒಂದು ಲೋಟ ಚಾ ಕುಡಿದು ಸಂಜೆವರೆಗೆ ಕೂತುಕೊಳ್ಳುವುದು. ಈಗ ನಾನು ಉಣ್ಣಲಿಕ್ಕೆ ಕೂತರೆ ಅವಳೂ ಕೂತುಕೊಳ್ತಾಳೆ. ನಾನು ಹೋದರೆ ಪುನಃ ಅದೇ ಚಾ.”

ನಾನು ಹೊಸ ಹಾಳೆಯೊಂದನ್ನು ತೆಗೆದುಕೊಂಡೆ. “ಕಾರಣ ಏನಂತ ಬರೆಯುವುದು, ಮಾವ?”

“ಕಾಲುನೋವು ಅಂತ ಬರೆ.”

ನನ್ನ ಸೇವಾವಧಿಯಲ್ಲಿ ತಿಳಿದೂ ತಿಳಿದೂ ಸುಳ್ಳನ್ನು ಬರೆದಿರುವುದು ಅದೊಂದೇ ಬಾರಿ. ಅಷ್ಟು ಅಂದವಾದ ಅಕ್ಷರದಲ್ಲಿ ಬರೆದಿರುವುದೂ ಅದೊಂದೇ ಬಾರಿ. ಮಾವನವರು ಸಹಿ ಹಾಕಿದರು. ಗೋಡೆಯ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಅವರು ಚಾವಡಿಗೆ ಹೋಗಿ, ಅತ್ತೆಯ ಮಡಿಲಿನಿಂದ ಮೊರವನ್ನು ಎತ್ತಿ ಪಕ್ಕಕ್ಕಿಟ್ಟು, “ಏಳು,” ಎಂದರು.