ದೊಡ್ಡ ಡಾಕ್ಟ್ರ ಚಳಿ

ಸೂಜಿ ಹಿಡಿಯುವವನಿಗೆ ಸೂಜಿಯ ಭಯವಿಲ್ಲ ಎಂದು ಜನ ನಂಬುತ್ತಾರೆ. ಈಜು ಕಲಿಸುವವನು ದಡದ ಮೇಲೆ ನಿಂತೇ ಕಲಿಸಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಜಗಳೂರು ಕಡೆಯ ಪಶು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕುರಿಗಳಿಗೆ ಚುಚ್ಚಿದ ನಾನು, ಹರ್ನಿಯಾ ಆಪರೇಷನ್ನಿಗೆಂದು ಒಂದು ಕಾಲೇಜು ಆಸ್ಪತ್ರೆಯಲ್ಲಿ ಮಲಗಿದ್ದೆ. ಅದು ಮಂಗಳವಾರ. ಗುರುವಾರ ಅನ್ನುತ್ತಾಳೆ ಹೆಂಡತಿ. ಹೆದರಿದವನ ನೆನಪಿಗಿಂತ ನ್ಯಾಮತಿ ಊರಿನವಳಾದ ಅವಳ ನೆನಪು ಗಟ್ಟಿ, ಗುರುವಾರವೇ ಇರಲಿ.

ಬೆಳಿಗ್ಗೆ ಬಿಳಿ ಕೋಟಿನ ಹುಡುಗಿಯೊಬ್ಬಳು ಬಂದಳು. ಚನ್ನಗಿರಿ ಕಡೆಯ ಉಬ್ರಾಣಿಯವಳಂತೆ. "ಅಂಕಲ್, ಸೊಂಟದ ಕೆಳಗೆ ಮರಗಟ್ಟಾಕೆ ಬೆನ್ನಿಗೊಂದು ಇಂಜೆಕ್ಷನ್ ಐತೆ. ನಾನಿನ್ನೂ ಕಲೀತಿರೋಳು. ಸರ್ ಪಕ್ಕದಾಗೇ ಇರ್ತಾರೆ. ನಾನು ಕೊಡಬಹುದಾ? ಬ್ಯಾಡ ಅಂದ್ರೆ ಸರ್ರೇ ಕೊಡ್ತಾರೆ."

"ನಾನು ಎಷ್ಟನೆಯವನು?"

"ಮೂರನೆಯವರು."

"ಮೊದಲಿನ ಇಬ್ಬರು ನಡೀತಾರಾ?"

"ಒಬ್ರು ನಿನ್ನೆ ಮೆಟ್ಲಿಳಿದು ಬೀಡಿ ಸೇದಾಕೆ ಹೋಗಿ ಬೈಸ್ಕಂಡ್ರು."

ಇನ್ನೊಬ್ಬರ ಬಗ್ಗೆ ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಕಾಲಿನ ಬೆರಳುಗಳನ್ನು ಒಮ್ಮೆ ಆಡಿಸಿ ನೋಡಿಕೊಂಡೆ.

ಭಯಕ್ಕೆ ಕಾರಣವಿತ್ತು. ಕಲಿಯುವವರ ಕೈ ಹೇಗಿರುತ್ತದೆಂದು ನನ್ನಷ್ಟು ಬಲ್ಲವರಿಲ್ಲ. ನಮ್ಮಲ್ಲಿಗೆ ತರಬೇತಿಗೆ ಬಂದವರಿಗೆಲ್ಲ ನಾನೇ ನನ್ನ ಕೋಟು ತೊಡಿಸಿ, ಕುರಿಹಟ್ಟಿಗೆ ಕರೆದೊಯ್ದು, "ಇವರು ದೊಡ್ಡ ಡಾಕ್ಟ್ರು" ಎಂದು ಪರಿಚಯಿಸುತ್ತಿದ್ದೆ. ಕುರಿಯವನು ಹೆದರಿದರೆ ಕುರಿಯೂ ಹೆದರುತ್ತದೆ ಎಂಬುದು ನನ್ನ ಶಾಸ್ತ್ರ. ಒಮ್ಮೆ ಕುರಿ ಸಾಕುವ ತಿಪ್ಪಣ್ಣ, "ದೊಡ್ಡ ಡಾಕ್ಟ್ರ ಕೈ ಯಾಕ್ರೀ ನಡುಗ್ತಾವೆ?" ಎಂದಿದ್ದ. "ಚಳಿ" ಎಂದಿದ್ದೆ. ಆಗ ಏಪ್ರಿಲ್. ಸೂಜಿ ಎರಡು ಸಲ ತಪ್ಪಿತ್ತು. ಮೂರೋ ಇರಬೇಕು, ಲೆಕ್ಕ ಇಟ್ಟಿದ್ದರೆ ಕುರಿ ಇಟ್ಟಿರುತ್ತದೆ.

ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಳು. "ಬೇಡಮ್ಮ" ಎಂದು ನಾನು ಮೃದುವಾಗಿ ಹೇಳಿದೆ. ಹೆಂಡತಿಯ ಪ್ರಕಾರ, ಹೊದಿಕೆ ಬಿಗಿಹಿಡಿದು "ಬ್ಯಾಡ, ಬ್ಯಾಡ" ಎಂದು ಕೂಗಿ ಪಕ್ಕದ ಹಾಸಿಗೆಯ ಹೊನ್ನಾಳಿಯವರನ್ನು ಎಬ್ಬಿಸಿದೆ.

"ಆಯ್ತು ಬಿಡ್ರಿ ಅಂಕಲ್," ಎಂದು ಅವಳು ಕಾಗದದಲ್ಲಿ ಗುರುತು ಹಾಕಿದಳು.

"ಸಿಟ್ಟು ಬರಲ್ವಾ?"

"ಬ್ಯಾಡ ಅನ್ನೋದು ನಿಮ್ಮ ಹಕ್ಕು. ಅದಕ್ಕೇ ಕೇಳಿದ್ದು."

ಅವಳು ಹೋದ ಮೇಲೆ ಹೊಸ ಭಯ ಶುರುವಾಯಿತು. ಹಕ್ಕು ಚಲಾಯಿಸಿದವನಿಗೆ ದೊಡ್ಡವರು ಬೇಕೆಂದೇ ಜೋರಾಗಿ ಚುಚ್ಚಿದರೆ? ಬೇಡ ಅಂದದ್ದು ತಪ್ಪಾಯ್ತಾ ಎಂಬಂತೆ ಹೆಂಡತಿಯನ್ನು ನೋಡಿದೆ. "ಕುರಿಗಾದ್ರೂ ಇಷ್ಟು ರಗಳೆ ಇಲ್ಲ," ಎಂದಳು.

ಥಿಯೇಟರಿನಲ್ಲಿ ಹಿರಿಯ ಡಾಕ್ಟರೇ ಬಂದರು. ಬೆನ್ನು ಬಾಗಿಸಿ ಕೂತೆ. ಬೆನ್ನಿಗೆ ತಾಗಿದ ಅವರ ಬೆರಳು ಗಡಗಡ ನಡುಗುತ್ತಿತ್ತು.

"ಸರ್, ನಿಮ್ಮ ಕೈ..."

"ನನ್ನ ಕೈ ನೆಟ್ಟಗೇ ಐತಲ್ರೀ. ನಡುಗ್ತಿರೋದು ನಿಮ್ಮ ಬೆನ್ನು."

"ಚಳಿ ಸರ್," ಎಂದೆ. ಆ ಹುಡುಗಿ ಎದುರು ನಿಂತು ನನ್ನ ಹೆಗಲು ಹಿಡಿದುಕೊಂಡಳು. ಅವಳ ಕೈ ನಡುಗುತ್ತಿರಲಿಲ್ಲ. ಅದೊಂದು ಮಾತ್ರ ಸರಿಯಾಗಿ ನೆನಪಿದೆ.

ಕೆಲಸಕ್ಕೆ ಮರಳಿದ ಮೇಲೆ, ಹೊಸದಾಗಿ ತರಬೇತಿಗೆ ಬಂದವನೊಡನೆ ತಿಪ್ಪಣ್ಣನ ಹಟ್ಟಿಗೆ ಹೋದೆ. ಕೋಟು ತೊಡಿಸಲಿಲ್ಲ. "ಇವರಿನ್ನೂ ಕಲೀತಿದ್ದಾರೆ. ಇವರು ಚುಚ್ಚಬಹುದಾ? ಬೇಡ ಅನ್ನೋ ಹಕ್ಕು ನಿನಗಿದೆ" ಎಂದೆ. ಇಷ್ಟು ಸತ್ಯ ಹೇಳಿ ಬೆನ್ನು ಹಗುರಾಯಿತು.

ತಿಪ್ಪಣ್ಣ ತಲೆಯ ಟವೆಲ್ ತೆಗೆದ. "ಹಂಗಾರೆ ಸಾಹೇಬ್ರೇ, ಆ ಚಳಿ ಡಾಕ್ಟ್ರು?"

ನಾನು ಔಷಧಿ ಪೆಟ್ಟಿಗೆಯ ಮುಚ್ಚಳ ತೆರೆದು ಮತ್ತೆ ಮುಚ್ಚಿದೆ.

"ಅವ್ರ ಮುಂಚೆ ಬಂದ ದೊಡ್ಡ ಡಾಕ್ಟ್ರುಗಳು?"

ಕುರಿಗಳೂ ನನ್ನನ್ನೇ ನೋಡಿದಂತಿತ್ತು.

"ಇವ್ರು ಬ್ಯಾಡ. ನೀವೇ ಹಾಕ್ರಿ," ಎಂದು ಕುರಿಯನ್ನು ಕಾಲಸಂದಿಯಲ್ಲಿ ಸಿಕ್ಕಿಸಿಕೊಂಡ. ಅವನ ಕಣ್ಣು ಕುರಿಯ ಮೇಲಿರಲಿಲ್ಲ, ನನ್ನ ಕೈ ಮೇಲಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಚಳಿ ಎನ್ನುವಂತೆಯೂ ಇರಲಿಲ್ಲ.